ಗಾಜಿನ ಆಚೆಯ ಇಂಗ್ಲಿಷು

"ಫಸಾಡು," ಅಂದಳು ಗದಿಗೆಮ್ಮ, ಕಿರುಬೆರಳಿನ ಮೊದಲ ಗೆಣ್ಣಿಗೆ ಹೆಬ್ಬೆರಳು ಒತ್ತಿ. "ಅದರ ಮುಂದ ಪ್ರಿಟೆನ್ಸು. ಆಮ್ಯಾಲ ಕ್ಯಾಮಫ್ಲಾಜು."

ನನ್ನ ಕೈಯಲ್ಲಿದ್ದ ಚಹಾದ ಕಪ್ಪು ಬಾಯಿಯವರೆಗೆ ಹೋಗಲಿಲ್ಲ.

"ಇನ್ನೂ ಅದಾವ್ರಿ ಸಾಹೇಬ್ರ. ಹೋಕ್ಸು, ಬ್ಲಫ್ಫು, ಮಾಸ್ಕರೇಡು. ನಮ್ಮ ಮನಿಯವ್ರು ನಿದ್ದಿಗಣ್ಣಾಗ ಇವನ್ನ ಅಂತಿದ್ರು. ಕೇಳಿ ಕೇಳಿ ನನಗೂ ಬಾಯಿಪಾಠ ಆಗ್ಯಾವ. ಇವೇನು ಮಂತ್ರ ಏನ್ರಿ?"

ಮಂತ್ರ ಆಗಿದ್ದರೆ ಚೆನ್ನಾಗಿತ್ತು. ಫಸಾಡ್ ಎಂದರೆ ಹಿಂದೆ ಏನೂ ಇಲ್ಲದಿದ್ದರೂ ಮುಂದೆ ಚೆಂದ ಕಾಣಲೆಂದು ನಿಲ್ಲಿಸಿದ ಮುಖ. ಪ್ರಿಟೆನ್ಸ್ ಎಂದರೆ ಸೋಗು. ಕ್ಯಾಮಫ್ಲಾಜ್ ಎಂದರೆ ಇದ್ದದ್ದು ಕಾಣದಂತೆ ಬಣ್ಣ ಬಳಿಯುವುದು. ಹೋಕ್ಸ್ ಎಂದರೆ ಊರನ್ನೇ ನಂಬಿಸಿ ಮಂಗ ಮಾಡುವ ಆಟ, ಬ್ಲಫ್ ಎಂದರೆ ಕೈಯಲ್ಲಿ ಇಲ್ಲದ್ದನ್ನು ಇದೆ ಎಂದು ಹೆದರಿಸುವುದು, ಮಾಸ್ಕರೇಡ್ ಎಂದರೆ ವೇಷ. ಆರಕ್ಕೆ ಆರೂ ಒಂದೇ ಬಳಗದ ಶಬ್ದಗಳು. ಎಲ್ಲವೂ ಮೋಸದವು.

ಕಟ್ಟಡಗಳಲ್ಲಿ ಸೆಂಟ್ರಿಂಗ್ ಹಲಗೆ ಕಟ್ಟುವ ಕೂಲಿ ಚಂದ್ರಾಮ ಕಾಣೆಯಾಗಿ ಅಂದಿಗೆ ಒಂಬತ್ತು ದಿನ. ಅವನ ಹೆಂಡತಿ ಗದಿಗೆಮ್ಮ ಅವನ ಅಂಗಿಯ ಕಿಸೆಯಲ್ಲಿ ಸಿಕ್ಕ ಎರಡು ಕಾರ್ಡು ಹಿಡಿದು, ತೆಲುಗು ನಾಡಿನ ರಾಜಧಾನಿಯಲ್ಲಿ ಮಿಯಾಪುರದ ನನ್ನ ಫ್ಲಾಟಿಗೆ ಬಂದಿದ್ದಳು. ಒಂದು ನನ್ನದೇ ವಿಸಿಟಿಂಗ್ ಕಾರ್ಡು. ಇನ್ನೊಂದರಲ್ಲಿ ಟೈ ಕಟ್ಟಿದ ಚಂದ್ರಾಮನ ಫೋಟೋ. ಕೆಳಗೆ 'ಟೀಮ್ ಲೀಡರ್, ಸಪ್ತಧಾರಾ ಸೊಲ್ಯೂಷನ್ಸ್, ಮಾದಾಪುರ' ಎಂದು ಅಚ್ಚಾಗಿತ್ತು.

ಆ ಮುಖ ನನಗೆ ಗೊತ್ತಿತ್ತು. ಎಂಟು ತಿಂಗಳ ಹಿಂದೆ ಅದೇ ಮನುಷ್ಯನ ಕೈ ಕುಲುಕಿ, ನನ್ನ ಆ ವಿಸಿಟಿಂಗ್ ಕಾರ್ಡನ್ನು ಅವನ ಕೈಗೆ ಕೊಟ್ಟವನು ನಾನು. ಅಂಗೈ ಒರಟಾಗಿತ್ತು. ಕ್ರಿಕೆಟ್ ಆಡುವವನಿರಬೇಕು ಅಂದುಕೊಂಡಿದ್ದೆ!

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ, ನಾಚಿಕೆಯಾದರೂ. ರಕ್ಷಣಾ ಕಾರ್ಖಾನೆಯೊಂದರ ವಿಜಿಲೆನ್ಸ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತನಾದ ಮೇಲೆ ನಾನು ಒಂದು ತಪಾಸಣೆ ಏಜೆನ್ಸಿ ಸೇರಿದೆ. ದೊಡ್ಡ ಕಂಪನಿಗಳಿಗೆ ಸೇರುವ ಹುಡುಗರು 'ಹಿಂದೆ ಇಂಥಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆವು' ಎಂದು ಬರೆದುಕೊಟ್ಟರೆ, ಅಂಥದೊಂದು ಆಫೀಸು ನಿಜಕ್ಕೂ ಇದೆಯೇ ಎಂದು ಹೋಗಿ ಕಣ್ಣಾರೆ ನೋಡಿ ಬರುವವನು ನಾನು. ಅದು ಎರಡು ಸಾವಿರದ ಏಳನೆಯ ಇಸವಿ. ಸಾಫ್ಟ್‌ವೇರ್ ಕಂಪನಿಗಳ ಮಾದಾಪುರದಲ್ಲಿ ವಾರಕ್ಕೊಂದು ಹೊಸ ಬೋರ್ಡು ಏಳುತ್ತಿತ್ತು, ನನಗೆ ಕೈತುಂಬ ಕೆಲಸ.

ನನ್ನ ಪದ್ಧತಿ ಕಟ್ಟುನಿಟ್ಟು. ಹೇಳದೆ ಕೇಳದೆ ಹೋಗುತ್ತೇನೆ. ಯಾವ ದಿನ ಎಂಬುದು ಏಜೆನ್ಸಿಯ ಯಜಮಾನರಿಗೂ ತಿಳಿಯದು. ಹಿಂದಿನ ದಿನ ನನ್ನ ಅಧಿಕಾರಪತ್ರ ಟೈಪು ಮಾಡುವ ನೇತ್ರಾ ಎಂಬ ಹುಡುಗಿಗೆ ಮಾತ್ರ ಗೊತ್ತು. ಮನೆಯಲ್ಲಿ ಹೆಂಡತಿ ಪ್ರೇಮಾ ಬುತ್ತಿ ಕಟ್ಟಲಿ ಎಂದು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ಕೆಂಪು ಚುಕ್ಕೆ, ಪಕ್ಕದಲ್ಲಿ ಕಂಪನಿಯ ಮೊದಲ ಅಕ್ಷರ. ಅಷ್ಟೇ. ನನ್ನ ಕಣ್ಣಿಗೆ ಮಣ್ಣೆರಚುವವನು ಇನ್ನೂ ಹುಟ್ಟಿಲ್ಲ ಎಂದು ಕಂಡಕಂಡವರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಸಪ್ತಧಾರಾಕ್ಕೆ ಮೂರು ಸಲ ಹೋಗಿದ್ದೆ. ಮೂರು ಸಲವೂ ಒಳಗೆ ಬಿಡಲಿಲ್ಲ. 'ಗ್ರಾಹಕರ ಗುಟ್ಟಿನ ಕೆಲಸ ನಡೆದಿದೆ' ಎಂದು ಗಾಜಿನ ಗೋಡೆಯ ಹೊರಗೇ ನಿಲ್ಲಿಸಿದರು. ಅದು ಎಲ್ಲ ಕಂಪನಿಗಳ ರಿವಾಜು, ನಾನೂ ಒಪ್ಪಿದೆ. ಮೊದಲ ಸಲ ಟೀಮ್ ಲೀಡರನೆಂದು ಚಂದ್ರಾಮನನ್ನು ಹೊರಗೆ ಕರೆಸಿ, ಕೈ ಕುಲುಕಿಸಿ ಒಳಗೆ ಕಳಿಸಿದ್ದರು. ಗಾಜಿನ ಆಚೆ ನಲವತ್ತು ಜನ ಕಂಪ್ಯೂಟರಿನ ಮುಂದೆ ಕೂತು ಏನೇನೋ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಗುಂಯ್ ಎಂಬ ಸದ್ದಿನಲ್ಲಿ ಶಬ್ದಗಳು ಬಿಡಿಬಿಡಿಯಾಗಿ ಕೇಳುತ್ತಿದ್ದವು. ಕ್ಯಾಮಫ್ಲಾಜ್ ಎಂಬ ಮಾತು ಕಿವಿಗೆ ಬಿದ್ದದ್ದು ನನಗೆ ಈಗ ಸ್ಪಷ್ಟವಾಗಿ ನೆನಪಾಯಿತು. ಅದು ಯಾವುದೋ ಹೊಸ ಸಾಫ್ಟ್‌ವೇರಿನ ಹೆಸರೆಂದು ತಿಳಿದಿದ್ದೆ.



ಎದ್ದು ಹೋಗಿ ಟ್ರಂಕಿನಿಂದ ಫೋಟೋ ತಂದೆ. ಮೊದಲ ಸಲ ಹೋದಾಗ ನನ್ನ ಹಳೆಯ ರೀಲು ಕ್ಯಾಮೆರಾದಲ್ಲಿ ತೆಗೆದದ್ದು. ಒಂದು ಪ್ರತಿ ವರದಿಯ ಜೊತೆ ಏಜೆನ್ಸಿಗೆ ಹೋಗಿತ್ತು, ಇನ್ನೊಂದು ನನ್ನ ಹತ್ತಿರ. ಕನ್ನಡಕದ ಮೇಲೆ ಭೂತಕನ್ನಡಿ ಹಿಡಿದು ನೋಡಿದೆ.

ಗಾಜಿನ ಬಾಗಿಲ ಹೊರಗೆ ಬೂಟುಗಳು. ಗುಡಿಯ ಮುಂದೆ ಬಿಟ್ಟ ಹಾಗೆ ಸಾಲಾಗಿ ನಲವತ್ತು ಜೊತೆ ಕರಿ ಬೂಟು, ಎಲ್ಲವೂ ಹೊಸವು, ಎಲ್ಲವೂ ಒಂದೇ ತರಹದವು. ಒಳಗೆ ಕೂತವರೆಲ್ಲ ಬರಿಗಾಲು.

ಇದು ಅಂದು ನನ್ನ ಕಣ್ಣಿಗೆ ಬೀಳದೆ ಹೋಗಿತ್ತೆ? ಬಿದ್ದಿತ್ತು. ವರದಿಯಲ್ಲಿ ಬರೆದೂ ಇದ್ದೆ: 'ಸಿಬ್ಬಂದಿ ಪಾದರಕ್ಷೆ ಹೊರಗೆ ಬಿಟ್ಟು ಕೆಲಸ ಮಾಡುತ್ತಾರೆ. ಕಚೇರಿಯಲ್ಲಿ ಶಿಸ್ತು, ಸ್ವಚ್ಛತೆ ಮೆಚ್ಚುವಂತಿದೆ.' ನನ್ನ ಆ ಸಾಲನ್ನು ಈಗ ನೆನೆದರೆ ನನಗೇ ಎರಡು ಬಿಗಿಯಬೇಕೆನಿಸುತ್ತದೆ.

ಗದಿಗೆಮ್ಮ ಫೋಟೋದ ಮೇಲೆ ಬಾಗಿದಳು. ಮೇಜಿನ ಕೆಳಗಿನ ಕಾಲುಗಳನ್ನು ಬೆರಳಿಟ್ಟು ತೋರಿಸಿ ಇದು ಇಂಥವನ ಕಾಲು, ಇದು ಅಂಥವಳ ಕಾಲು ಎಂದು ಹೇಳತೊಡಗಿದಳು. ಮುಖ ನೋಡುವ ಗೋಜಿಗೇ ಹೋಗಲಿಲ್ಲ. ಹಿಮ್ಮಡಿಯ ಬಿರುಕುಗಳಲ್ಲಿ ಸಿಮೆಂಟಿನ ಬೂದು ಬಣ್ಣ ಕೂತಿತ್ತು. ತೊಳೆದರೂ ಹೋಗದ ಬಣ್ಣ.

"ಬೂಟು ಯಾಕ ಬಿಚ್ಚಿದ್ರಿ ತಂಗಿ?" ಎಂದು ಕೇಳಿದೆ.

ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ದುಡಿಯೋ ಜಾಗದಾಗ ಬೂಟ ಹಾಕ್ಕೊಂಡು ಹೆಂಗ ಕುಂದ್ರೂದ್ರಿ? ಅಷ್ಟು ತುಟ್ಟಿ ಮಿಷನ್ನು ಮುಂದ ಇಟ್ಟಾರ, ಸರಸ್ವತಿ ಇದ್ದಂಗ ಅಲ್ಲೇನ್ರಿ? ಬಿಚ್ಚಬ್ಯಾಡ್ರಿ ಅಂತ ಅಕ್ಕಾವ್ರು ಬೈದ್ರು. ಯಾರೂ ಕೇಳಲಿಲ್ಲ."

ಅವಳು ಹೇಳಿದ್ದನ್ನು ಒಟ್ಟುಮಾಡಿದರೆ ಆಟ ಇಷ್ಟು. ಬೆಳಿಗ್ಗೆ ಕೂಲಿಯವರು ನಿಲ್ಲುವ ಅಡ್ಡಾಕ್ಕೆ ಒಂದು ವ್ಯಾನು ಬರುತ್ತಿತ್ತು. ಯಾದಗಿರಿ, ರಾಯಚೂರು ಕಡೆಯವರನ್ನೇ ಆರಿಸಿ ಹತ್ತಿಸಿಕೊಳ್ಳುತ್ತಿದ್ದರು. ಊರಿಗೆ ಹೊಸಬರು, ತೆಲುಗು ಬಾರದವರು, ಹೊರಗೆ ಬಾಯಿಬಿಡುವುದು ಕಡಿಮೆ. ಸ್ನಾನ ಮಾಡಿಸಿ, ಅಂಗಿ, ಪ್ಯಾಂಟು, ಬೂಟು ಕೊಟ್ಟು ಕೂಡಿಸುತ್ತಿದ್ದರು. ಬೋಡುತಲೆಯ ಮಾಸ್ತರನೊಬ್ಬ ದಿನಕ್ಕೊಂದು ಶಬ್ದ ಬೋರ್ಡಿನ ಮೇಲೆ ಬರೆದು, ಸುತ್ತ ಚೌಕ ಹಾಕಿ ಕಲಿಸುತ್ತಿದ್ದ. ಹೊರಗೆ ದೊಡ್ಡ ಸಾಹೇಬರು ಬಂದು ನಿಂತಾಗ ಆ ಶಬ್ದಗಳನ್ನು ಒಬ್ಬರಿಗೊಬ್ಬರು ಹೇಳುತ್ತ ಬಾಯಿ ಆಡಿಸಬೇಕು. ಸಂಜೆ ಬಟ್ಟೆ ಬಿಚ್ಚಿಕೊಟ್ಟು ಹೋಗಬೇಕು. ಗದಿಗೆಮ್ಮ ಕೂಡ ಒಂದು ದಿನ ಚೂಡಿದಾರ ತೊಟ್ಟು ಕೂತಿದ್ದಳಂತೆ.

ಆ ದೊಡ್ಡ ಸಾಹೇಬ ನಾನು.

"ಅಕ್ಕಾವ್ರು ಅಂದ್ರ ಯಾರು?"

"ನಮ್ಮ ಮಾತಾಡೋ ಹುಡುಗಿ ಒಬ್ರು ಇದ್ರು. ಮಾಸ್ತರ್ ಹೇಳಿದ್ದು ನಮಗ ತಿಳಿಸಿ ಹೇಳವ್ರು ಅವ್ರ. ಭಾಳ ಛಲೋ ಮನಷ್ಯಾರು. ಒಂದಿನ ಶೇಂಗಾ ಹೋಳ್ಗಿ ತಂದು ಎಲ್ಲಾರಿಗೂ ಒಂದೊಂದು ಕೊಟ್ರು, ಈಗ ಅಮ್ಮಾರು ಕೊಟ್ರಲ್ಲ, ಇಂಥಾವ."

ಅವಳ ತಟ್ಟೆಯಲ್ಲಿ ಪ್ರೇಮಾ ಇಟ್ಟ ಹೋಳಿಗೆ ಅರ್ಧ ಉಳಿದಿತ್ತು. ಉತ್ತರ ಕರ್ನಾಟಕದವರ ಯಾವ ಮನೆಯ ಡಬ್ಬಿ ತೆಗೆದರೂ ಶೇಂಗಾ ಹೋಳಿಗೆ ಸಿಗುತ್ತದೆ. ಅದನ್ನು ಅಲ್ಲಿಗೇ ಬಿಟ್ಟೆ.

ನನಗೆ ಬೇರೆ ಚಿಂತೆ ಹತ್ತಿತ್ತು. ದುಡ್ಡು ಕೊಟ್ಟ ಹುಡುಗರಿಗೆ ಸಪ್ತಧಾರಾ ಬರೆದುಕೊಡುತ್ತಿದ್ದ ಸುಳ್ಳು ಅನುಭವದ ಸರ್ಟಿಫಿಕೇಟುಗಳ ಮೇಲೆ ಪೊಲೀಸರಿಗೆ ದೂರು ಹೋಗಿತ್ತು. ಕಾರ್ಡು ಟೀಮ್ ಲೀಡರ್ ಎಂದರೂ ನೋಂದಣಿ ಕಾಗದದ ಮೇಲೆ ಕಂಪನಿಯ ನಿರ್ದೇಶಕ ಒಬ್ಬನೇ, ಅವನ ಹೆಸರು ಚಂದ್ರಾಮ. ನಾಳೆ ಹನ್ನೊಂದು ಗಂಟೆಗೆ ಠಾಣೆಗೆ ಬಂದು ಹೇಳಿಕೆ ಕೊಡಿ ಎಂದು ನನಗೂ ಫೋನು ಬಂದಿತ್ತು. ಚಂದ್ರಾಮ ಕೂಲಿಯವನಲ್ಲ, ದೊಡ್ಡ ಅಧಿಕಾರಿ ಎನ್ನುವುದಕ್ಕೆ ಇದ್ದ ಸಾಕ್ಷಿ ಯಾವುದು? ನನ್ನ ಮೂರು ವರದಿಗಳು, ನನ್ನ ಮೂರು ಸಹಿ.

ವರದಿ ಸುಳ್ಳೆಂದು ನಾನೇ ಒಪ್ಪಿಕೊಂಡರೆ ಇಪ್ಪತ್ತೆಂಟು ವರ್ಷದ ಹೆಸರು ಮಣ್ಣುಪಾಲು. ಒಪ್ಪದಿದ್ದರೆ ಎದುರಿಗೆ ಕೂತಿರುವ ಈ ಹೆಣ್ಣುಮಗಳ ಗಂಡ ಜೈಲುಪಾಲು.

ನಾನು ಅಂಥ ದೊಡ್ಡ ಮನುಷ್ಯನೇನಲ್ಲ. ಆದರೂ ಆ ಬರಿಗಾಲುಗಳನ್ನು ನೋಡಿದ ಮೇಲೆ ಹೆಚ್ಚು ಹೊತ್ತು ಯೋಚಿಸಲಿಲ್ಲ.

ಹೊರಡುವಾಗ ಫೋಟೋ ಕಿಸೆಗೆ ಹಾಕಿಕೊಳ್ಳಲು ಹೋದೆ. ನೀವು ಬರುವ ತನಕ ನನ್ನ ಹತ್ತಿರ ಇರಲಿ ಎಂದು ಗದಿಗೆಮ್ಮ ಕೇಳಿದಳು. ಕಾರ್ಡಿನ ಮೇಲಿನ ಆ ಟೈ ಕಟ್ಟಿದ ಮುಖ ಬಿಟ್ಟರೆ ಅವಳ ಹತ್ತಿರ ಗಂಡನ ಬೇರೆ ಫೋಟೋ ಇರಲಿಲ್ಲ; ಇದರಲ್ಲಿ ಮೂರನೆಯ ಸಾಲಿನಲ್ಲಿ ಅವನು ನಗುತ್ತಿದ್ದ. ಕೊಟ್ಟುಬಿಟ್ಟೆ.

*

ಬೋಡುತಲೆಯ ಮಾಸ್ತರನನ್ನು ಹುಡುಕುವುದು ಕಷ್ಟವಾಗಲಿಲ್ಲ. ಅಮೀರ್‌ಪೇಟೆಯಲ್ಲಿ ಇಂಗ್ಲಿಷ್ ಕಲಿಸುವವರು ಬೀದಿಗೆ ಹತ್ತು ಜನ, ಆದರೆ ದಿನಕ್ಕೊಂದು ಶಬ್ದ ಬೋರ್ಡಿನ ಮೇಲೆ ಬರೆದು ಅದರ ಸುತ್ತ ಚೌಕ ಹಾಕುವವನು ಒಬ್ಬನೇ. ಸೂರ್ಯನಾರಾಯಣ. ಮೂರನೆಯ ಮಹಡಿಯ ಅವನ ಕೋಣೆಗೆ ನಾನು ಹೋದಾಗ ಮಧ್ಯಾಹ್ನದ ಕ್ಲಾಸು ಬಿಟ್ಟಿತ್ತು. ಅವನು ಡಸ್ಟರು ಹಿಡಿದು ನಿಂತಿದ್ದ.

ನನ್ನನ್ನು ನೋಡಿ ಅವನು ಬೆಚ್ಚಲಿಲ್ಲ. ಬಾಗಿಲ ಚಿಲಕ ಹಾಕಿ ಬಂದು, ಬೆಂಚು ಒರೆಸಿ, ಕೂರಲು ಹೇಳಿದ. ನಮ್ಮ ಮಾತು ನಡೆದದ್ದು ತೆಲುಗಿನಲ್ಲಿ. ಅವನಿಗೆ ಕನ್ನಡ ಒಂದಕ್ಷರ ಬಾರದು.

"ಎಂಟು ತಿಂಗಳು ಕಾದೆ, ಗುರುಸಿದ್ದಪ್ಪ ಗಾರು," ಎಂದ. "ಬರಲಿಕ್ಕೆ ಇಷ್ಟು ದಿನ ಬೇಕಾಯಿತೆ?"

ನಾನು ಬೈಯಬೇಕೆಂದು ಬಂದವನು. ಬಡ ಕೂಲಿಗಳ ಬಾಯಲ್ಲಿ ಅಂಥ ಶಬ್ದಗಳನ್ನೇ ಆರಿಸಿ ತುರುಕಿ ಒಳಗೊಳಗೇ ನಗುತ್ತಿದ್ದೆಯಾ, ಅದೇನು ವಿಕೃತ ಬುದ್ಧಿ ನಿನ್ನದು ಎಂದು ಜೋರಾಗಿಯೇ ಕೇಳಿದೆ. ನನ್ನ ಸಿಟ್ಟು ಮುಗಿಯುವವರೆಗೆ ಅವನು ಬೋರ್ಡು ಒರೆಸಿದ.

"ನಗಲಿಕ್ಕಲ್ಲ. ನಿಮಗೆ ಕೇಳಲಿ ಅಂತ."

ಅವನು ಡಸ್ಟರನ್ನು ಮೇಜಿನ ಮೇಲಿಟ್ಟ.

"ನನಗೆ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಶಬ್ದ ಕಲಿಸು ಅಂದರು, ಯಾವ ಶಬ್ದ ಅಂತ ಹೇಳಲಿಲ್ಲ. ಇಂಗ್ಲಿಷಿನಲ್ಲಿ ಮೋಸಕ್ಕೆ ಎಷ್ಟು ಹೆಸರಿವೆಯೋ ಅಷ್ಟನ್ನೂ ಕಲಿಸಿದೆ. ನಲವತ್ತು ಜನ ನಿಮ್ಮ ಮುಖಕ್ಕೆ ಕೂಗಿದರು, ಇದು ಸೋಗು, ಇದು ವೇಷ, ಇದು ಮೋಸ ಅಂತ. ನೀವು ಗಾಜಿನ ಹೊರಗೆ ನಿಂತು ತಲೆಯಾಡಿಸಿದಿರಿ. ಎರಡನೆಯ ಸಲ ಕೈ ಬೀಸಿ ನಕ್ಕಿರಿ."

ಜೀವನದಲ್ಲಿ ನಾನು ಅನೇಕ ಬೈಗುಳ ತಿಂದಿದ್ದೇನೆ, ಲಾಠಿ ಏಟೂ ತಿಂದಿದ್ದೇನೆ. ಅಷ್ಟು ಮೆತ್ತಗೆ ಹೇಳಿದ ಮಾತಿನಿಂದ ಅಷ್ಟು ಪೆಟ್ಟಾದದ್ದು ಅದೇ ಮೊದಲು.

ಪೊಲೀಸರ ಹತ್ತಿರ ಯಾಕೆ ಹೋಗಲಿಲ್ಲ ಎಂದು ಕೇಳಿದೆ. ಅವನು ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ್ದ ಎಂ.ಎ. ಪದವಿಪತ್ರ ತೋರಿಸಿದ. ಅದೂ ಅವರ ಅಂಗಡಿಯದೇ. ಅವರು ಅಂದರೆ ಯಾರೆಂದು ಅವನಿಗೂ ಪೂರ್ತಿ ಗೊತ್ತಿರಲಿಲ್ಲ. 'ಮ್ಯಾನೇಜ್‌ಮೆಂಟು' ಎನ್ನುತ್ತಿದ್ದ, ಫೋನಿನಲ್ಲಿ ಒಂದು ಗಂಡು ಧ್ವನಿ, ತಿಂಗಳಿಗೊಂದು ಹೊಸ ನಂಬರು.

"ಚಂದ್ರಾಮ ಎಲ್ಲಿ?"

ಅವನು ಮೇಜಿನ ಖಾನೆ ಎಳೆದು ಒಂದು ಹಾಳೆ ತೆಗೆದ. ಕಚ್ಚಾ ಬರಹ, ಅಲ್ಲಲ್ಲಿ ಹೊಡೆದು ತಿದ್ದಿದ್ದು. ನಾಲ್ಕು ದಿನದ ಹಿಂದೆ ಇದನ್ನು ಬರೆದುಕೊಡು ಎಂದು ಮ್ಯಾನೇಜ್‌ಮೆಂಟು ಹೇಳಿತಂತೆ. ಶುದ್ಧ ಪ್ರತಿ ಅವರು ಒಯ್ದರು, ಇದು ಉಳಿಯಿತು.

ಚೊಕ್ಕ ಇಂಗ್ಲಿಷ್. 'ಸಪ್ತಧಾರಾದಲ್ಲಿ ನಡೆದ ಎಲ್ಲ ಮೋಸಕ್ಕೂ ನಾನೊಬ್ಬನೇ ಹೊಣೆ. ಬೇರೆ ಯಾರ ಕೈವಾಡವೂ ಇಲ್ಲ. ಅವಮಾನ ತಾಳಲಾರೆ. ನನ್ನ ಹೆಂಡತಿ ಕ್ಷಮಿಸಲಿ.' ಕೆಳಗೆ ಚಂದ್ರಾಮನ ಹೆಸರು. ಅದರ ಕೆಳಗೆ ತಾರೀಕು.

ನಾಳೆಯ ತಾರೀಕು.

ಇಂಥ ಪತ್ರ ಬರೆದಿಟ್ಟ ಮನುಷ್ಯ ಜೀವಂತ ಸಿಗುವುದಿಲ್ಲ. ವಿಜಿಲೆನ್ಸಿನಲ್ಲಿ ಇಲ್ಲದವರಿಗೂ ತಿಳಿಯುವ ಮಾತು ಅದು. ನಾಳೆ ಹನ್ನೊಂದಕ್ಕೆ ನಾನು ಠಾಣೆಯಲ್ಲಿ ಕೂತು 'ಹೌದು, ಚಂದ್ರಾಮ ಅಧಿಕಾರಿಯೇ, ನಾನೇ ಕೈ ಕುಲುಕಿದ್ದೇನೆ' ಎಂದು ಬರೆದುಕೊಡುವುದು. ಆಮೇಲೆ ಎಲ್ಲೋ ಒಂದು ಕಡೆ ಅವನ ಹೆಣ, ಕಿಸೆಯಲ್ಲಿ ಈ ಪತ್ರ. ಕಡತ ಮುಚ್ಚಿತು. ಸಹಿ ಬಿಟ್ಟರೆ ಬೇರೇನೂ ಬರೆಯಲು ಬಾರದವನು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿ ಸತ್ತ ಎಂದು ಲೋಕ ನಂಬುತ್ತದೆ, ಯಾಕೆಂದರೆ ಅವನು ಟೀಮ್ ಲೀಡರ್ ಎಂದು ಗುರುಸಿದ್ದಪ್ಪ ಹೇಳಿದ್ದಾನೆ.

ತನ್ನ ಕೈಬರಹ ಹೊರಗೆ ಹೋಗಬಾರದೆಂದು ಅವನು ಹಾಳೆಯನ್ನು ನನ್ನ ಕೈಯಿಂದ ತೆಗೆದು ಮತ್ತೆ ಖಾನೆಗೆ ಹಾಕಿ ಬೀಗ ಹಾಕಿದ.

"ಕೊನೆಯ ದಿನ ಅವನೊಬ್ಬನಿಗೇ ಒಂದು ಶಬ್ದ ಕೊಟ್ಟೆ," ಎಂದ ಸೂರ್ಯನಾರಾಯಣ. "ಡಿಕಾಯ್. ಹುಲಿ ಬರಲಿ ಅಂತ ಮರಕ್ಕೆ ಕಟ್ಟುತ್ತಾರಲ್ಲ, ಆ ಮೇಕೆ. ಅವನಿಗೆ ಅರ್ಥ ಹೇಳಲು ನನಗೆ ಅವನ ಭಾಷೆ ಬಾರದು. ಕನ್ನಡದ ಹುಡುಗಿಯನ್ನು ಕರೆದೆ. ಇವನಿಗೆ ಹೇಳು, ಊರಿಗೆ ಓಡಿಹೋಗು ಅನ್ನು, ಇವತ್ತೇ ಹೋಗು ಅನ್ನು ಅಂದೆ. ಅವಳು ಅವನಿಗೆ ಏನೋ ಹೇಳಿದಳು."

"ಏನಂತ?"

"ನನಗೇನು ಗೊತ್ತು? ಅವನು ನಕ್ಕ. ನನಗೆ ಕೈ ಮುಗಿದ. ಜೀವ ಉಳಿಸಿಕೋ, ಓಡು ಅಂದರೆ ಯಾರಾದರೂ ಹಾಗೆ ನಗುತ್ತಾರೆಯೆ?"

ಅವನ ಕಣ್ಣಲ್ಲಿ ನೀರು ಬಂದಿತ್ತು. ನನಗೆ ಅವನ ಮೇಲಿನ ಸಿಟ್ಟು ಉಳಿಯಲಿಲ್ಲ. ನಾವಿಬ್ಬರೂ ಒಂದೇ ಗಾಜಿನ ಎರಡು ಕಡೆ ನಿಂತ ಹೇಡಿಗಳು.

ಹುಡುಗಿ ಯಾರೆಂದು ಕೇಳಿದೆ. ಎಲ್ಲರೂ ಮೇಡಂ ಎನ್ನುತ್ತಿದ್ದರು, ಹೆಸರು ತಿಳಿಯದು ಎಂದ. ಚಂದ್ರಾಮನನ್ನು ಜೀಡಿಮೆಟ್ಲಾದಲ್ಲಿ, ಮುಚ್ಚಿಹೋದ ಯಾವುದೋ ರಾಸಾಯನಿಕ ಕಾರ್ಖಾನೆಯಲ್ಲಿ ಇಟ್ಟಿದ್ದಾರೆ; ಯಾವುದೆಂದು ಅವಳಿಗೆ ಮಾತ್ರ ಗೊತ್ತು. ಅವನೊಡನೆ ಮಾತಾಡಬಲ್ಲವಳು ಅವಳೊಬ್ಬಳೇ ಆದ್ದರಿಂದ ಊಟ ಒಯ್ಯುವುದೂ ಅವಳೇ. ಇನ್ನೊಂದು ಮಾತನ್ನು ಅವನು ನಾನು ಮೆಟ್ಟಿಲಿಳಿಯುವಾಗ ಹೇಳಿದ. ಮೂರು ಸಲವೂ ನಾನು ಬರುವ ದಿನ ಅವರಿಗೆ ಒಂದು ದಿನ ಮೊದಲೇ ತಿಳಿದಿತ್ತು. ಫೋನು ಮಾಡಿ ತಿಳಿಸಿದವಳು ಅದೇ ಹುಡುಗಿ.

ಕನ್ನಡ ಬಲ್ಲ ಹುಡುಗಿ. ನಾನು ಹೋಗುವ ದಿನ ಬಲ್ಲ ಹುಡುಗಿ.

ನೇತ್ರಾ! ಬೀದರಿನವಳು, ಏಜೆನ್ಸಿಯಲ್ಲಿ ನನ್ನ ಅಧಿಕಾರಪತ್ರ ಟೈಪು ಮಾಡುವವಳು. ದಿನಾ 'ಸರ್, ಚಹಾ ತಗೋರಿ' ಎಂದು ಮುದ್ದಾಗಿ ನಗುವವಳು. ಏಜೆನ್ಸಿಗೆ ಫೋನು ಮಾಡಿದರೆ ನೇತ್ರಾ ಮೂರು ದಿನದಿಂದ ರಜೆ ಎಂದರು. ಇನ್ನು ಅನುಮಾನವೇ ಉಳಿಯಲಿಲ್ಲ.

ಮೊದಲು ಮನೆಗೆ ಹೋಗಿ ಫೋಟೋ ತೆಗೆದುಕೊಳ್ಳಬೇಕು. ಏಜೆನ್ಸಿಯ ಪ್ರತಿ ನೇತ್ರಾಳ ಕಪಾಟಿನಲ್ಲಿತ್ತು, ಅದು ಸಿಗುತ್ತದೆಂದು ನಂಬುವ ಹಾಗಿರಲಿಲ್ಲ. ಇವತ್ತೇ ಠಾಣೆಗೆ ಹೋಗಿ, ಬೂಟಿನ ಸಾಲು, ಸಿಮೆಂಟಿನ ಹಿಮ್ಮಡಿ ತೋರಿಸಿ, ನನ್ನ ವರದಿ ಸುಳ್ಳು ಎಂದು ಬರೆದುಕೊಟ್ಟರೆ ಆ ಪತ್ರಕ್ಕೆ ಕವಡೆ ಕಿಮ್ಮತ್ತಿರುವುದಿಲ್ಲ. ಕೂಲಿಯವನನ್ನು ಕೊಂದು ಅವರಿಗೆ ಆಗಬೇಕಾದ್ದೇನೂ ಉಳಿಯುವುದಿಲ್ಲ. ಚಂದ್ರಾಮನ ಜೀವ ಆ ಒಂದು ಫೋಟೋದಲ್ಲಿತ್ತು.

*

ಮಿಯಾಪುರ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಕಂಪನಿಯ ಕ್ಯಾಬುಗಳು ನಮ್ಮ ಗೇಟಿನ ಮುಂದೆ ಹುಡುಗ ಹುಡುಗಿಯರನ್ನು ಇಳಿಸಿ ಹೋಗುತ್ತಿದ್ದವು.

ಹಾಲಿನಲ್ಲಿ ಗದಿಗೆಮ್ಮ ಬೆಳಿಗ್ಗೆ ಕೂತ ಜಾಗದಲ್ಲೇ ಕೂತಿದ್ದಳು. ಫೋಟೋ ಮಡಿಲಲ್ಲಿತ್ತು. ಪ್ರೇಮಾ ಅವಳ ಮುಂದೆ ಮೊರ ಇಟ್ಟುಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನನ್ನ ಮುಖ ನೋಡಿ ಇಬ್ಬರೂ ಎದ್ದು ನಿಂತರು.

ಪತ್ರದ ವಿಷಯ ಹೇಳಲಿಲ್ಲ, ಹೇಳುವ ಧೈರ್ಯವಾಗಲಿಲ್ಲ. ಗಂಡ ಬದುಕಿದ್ದಾನೆ, ಜೀಡಿಮೆಟ್ಲಾದಲ್ಲಿದ್ದಾನೆ, ನಿಮ್ಮ ಅಕ್ಕಾವ್ರೇ ಊಟ ಒಯ್ಯುತ್ತಾರೆ ಎಂದಷ್ಟೇ ಹೇಳಿದೆ. ಗದಿಗೆಮ್ಮ ಗೋಡೆಗೆ ಒರಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಒಂಬತ್ತು ದಿನದಿಂದ ತಡೆದಿಟ್ಟ ಅಳು ಅದು. ಪ್ರೇಮಾ ಅವಳ ಬೆನ್ನು ಸವರುತ್ತ ತಾನೂ ಅತ್ತಳು.

"ಆ ಫೋಟೋ ಕೊಡು ತಂಗಿ, ಠಾಣೆಗೆ ಒಯ್ಯಬೇಕು," ಎಂದೆ.

ಬಾಗಿಲ ಬೀಗ ತಿರುಗಿತು. ನನ್ನ ಮಗಳು ತೇಜಸ್ವಿನಿ ಆಫೀಸಿನಿಂದ ಬಂದಳು. ಇಂಜಿನಿಯರಿಂಗ್ ಮುಗಿಸಿ ಒಂದೂವರೆ ವರ್ಷ ಕೆಲಸವಿಲ್ಲದೆ ಮನೆಯಲ್ಲಿ ಕೂತು ಕೊರಗಿದ ಹುಡುಗಿ. ಆಮೇಲೆ ಏಕಾಏಕಿ ಮಾದಾಪುರದ ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಅವಳ ಕಡತ ತಪಾಸಣೆಗೆ ನಮ್ಮ ಏಜೆನ್ಸಿಗೇ ಬಂದಾಗ ನಾನು ಮುಟ್ಟಲಿಲ್ಲ. ಮನೆಯವರ ಕಡತ ಮುಟ್ಟಬಾರದು ಎಂಬುದು ನನ್ನ ನಿಯಮ. ಆ ನಿಯಮದ ಬಗ್ಗೆಯೂ ನನಗೆ ಜಂಬವಿತ್ತು.

ಅವಳು ಕೊರಳಿನ ಐಡಿ ಕಾರ್ಡು ತೆಗೆಯುತ್ತ ಒಳಗೆ ಬಂದು ಎರಡು ಹೆಜ್ಜೆ ಇಟ್ಟಳು. ಅಲ್ಲೇ ನಿಂತಳು.

ಗದಿಗೆಮ್ಮ ಸೆರಗು ಸರಿಸಿ ನೋಡಿದಳು. ಒದ್ದೆ ಮುಖ ಒಮ್ಮೆಲೆ ಅರಳಿತು. ಎರಡೂ ಕೈ ಜೋಡಿಸಿ ಮುಂದೆ ಬಂದಳು.

"ಅಕ್ಕಾವ್ರ, ನೀವು ಇಲ್ಲೇ ಅದೀರೇನ್ರಿ? ದೇವ್ರು ಕೂಡಿಸಿದ ನೋ‌ಡ್ರಿ. ನಮ್ಮ ಮನಿಯವ್ರಿಗೆ ಇವತ್ತ ಊಟ ಕೊಟ್ಟೀರೇನ್ರಿ?"

ಪ್ರೇಮಾಳ ಕಾಲು ತಾಗಿ ಮೊರ ಮಗುಚಿ ಸೊಪ್ಪೆಲ್ಲ ನೆಲದ ಮೇಲೆ ಹರಡಿತು.

ನನ್ನ ಕಣ್ಣು ತಾನಾಗಿಯೇ ಅಡಿಗೆಮನೆಯ ಕಡೆ ಹೋಯಿತು. ಗೋಡೆಯ ಮೇಲೆ ಕ್ಯಾಲೆಂಡರು. ಹಾಲು ಬಾರದ ದಿನ, ಸಿಲಿಂಡರ್ ಬಂದ ದಿನ, ಅವುಗಳ ನಡುವೆ ನನ್ನ ಕೆಂಪು ಚುಕ್ಕೆಗಳು, ಪಕ್ಕದಲ್ಲಿ ನಾನೇ ಬರೆದ ಅಕ್ಷರಗಳು. ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ಡಬ್ಬಿಗೆ ಹೋಳಿಗೆ ಹಾಕಿಕೊಳ್ಳುತ್ತಿದ್ದವಳು ಯಾರೆಂದು ಯೋಚಿಸುವ ಅಗತ್ಯ ನನಗೆ ಎಂದೂ ಬಿದ್ದಿರಲಿಲ್ಲ. ಒಂದೂವರೆ ವರ್ಷ ಮನೆಯಲ್ಲಿ ಕೂತವಳಿಗೆ ಕೆಲಸದ ಅನುಭವದ ಕಾಗದ ಯಾವ ಕಂಪನಿಯಿಂದ ಬಂತೆಂದೂ ಕೇಳಿರಲಿಲ್ಲ.

"ತೇಜೂ," ಎಂದೆ.

ಇಲ್ಲ ಎನ್ನುತ್ತಾಳೆಂದು ಕಾದೆ. ಈ ಹೆಂಗಸನ್ನು ನಾನು ನೋಡಿಯೇ ಇಲ್ಲ ಎನ್ನಲಿ, ನಾನು ನಂಬುತ್ತೇನೆ, ಒಂದೇ ಒಂದು ಸಲ ಎನ್ನಲಿ ಎಂದು ಹುಚ್ಚನ ಹಾಗೆ ಕಾದೆ. ಅವಳು ಅನ್ನಲಿಲ್ಲ. ಬಾಗಿಲನ್ನು ಹಿಂದೆ ತಳ್ಳಿ ಚಿಲಕ ಹಾಕಿದಳು, ಕಿಟಕಿಯಿಂದ ಕೆಳಗೆ ಒಮ್ಮೆ ನೋಡಿದಳು. ಗೇಟಿನ ಮುಂದೆ ಒಂದು ಬಿಳಿ ಕ್ಯಾಬು ಇನ್ನೂ ನಿಂತಿತ್ತು, ಉಳಿದವೆಲ್ಲ ಹೋಗಿದ್ದವು.

"ಅಪ್ಪಾಜಿ," ಎಂದಳು, ಮೆಲ್ಲಗೆ. "ನನ್ನ ಆಮ್ಯಾಲ ಬೈರಿ, ಹೊಡೀರಿ, ಏನಾರ ಮಾಡ್ರಿ. ನಿಮ್ಮ ಹತ್ರ ಇರೋ ಪ್ರತಿ ತರಾಕ ಅವ್ರು ನನ್ನ ಕಳಿಸ್ಯಾರ. ಆ ಮನಷ್ಯಾ ನಾಳೆ ಮುಂಜಾನಿ ಉಸಿರಾಡಬೇಕಂದ್ರ, ಈ ಫೋಟೋ ಈಗ ಹತ್ತು ನಿಮಿಷದಾಗ ಕೆಳಗ ಆ ಗಾಡ್ಯಾಗ ಮುಟ್ಟಬೇಕು."

ಅವಳು ಹೇಳುತ್ತಿರುವುದು ನಿಜವೋ, ಓಡು ಎನ್ನುವ ಬದಲು ಚಂದ್ರಾಮನಿಗೆ ಹೇಳಿ ನಗಿಸಿದಂಥ ಮಾತೋ? ಇಪ್ಪತ್ತಮೂರು ವರ್ಷ ಎತ್ತಿ ಆಡಿಸಿದ ಮಗಳ ಮುಖ ನೋಡಿದೆ. ನನಗೆ ಏನೂ ತಿಳಿಯಲಿಲ್ಲ.

ಗದಿಗೆಮ್ಮನಿಗೆ ಆ ಅನುಮಾನ ಇರಲಿಲ್ಲ. ತನ್ನ ಭಾಷೆಯ ಅಕ್ಕನ ಮಾತು ಅವಳಿಗೆ ಕೇಳಿಸಿತ್ತು. ಮಡಚಿಹೋಗದಂತೆ ದಿನವಿಡೀ ಕಾಪಾಡಿದ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು, ಅವಳು ಆಗಲೇ ನನ್ನ ಮಗಳ ಮುಂದೆ ಚಾಚಿದ್ದಳು.